ಮಕ್ಕಳಿರುವ ಮನೆಯ ಪ್ಲಗ್ಗು

ಬಿಟಿಎಂ ಲೇಔಟಿನ ಎರಡನೇ ಸ್ಟೇಜಿನಲ್ಲಿ, ಮುನಿಯಕ್ಕನ ಕಟ್ಟಡದ ಎರಡನೇ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಗುರುಸಿದ್ದನಿಗೆ ಕರೆಂಟಿನ ಕೆಲಸ ಬರುತ್ತಿರಲಿಲ್ಲ. ಇದು ಬೇರೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಹಾಗಿದ್ದರೂ ಅವನು ಸ್ಕ್ರೂಡ್ರೈವರ್ ಹಿಡಿದದ್ದೇಕೆ ಎಂದು ಕೇಳಿದರೆ, ಅದಕ್ಕೆ ಕಾರಣ ನಾನೂರು ಕಿಲೋಮೀಟರಿನಾಚೆ ಗುಳೇದಗುಡ್ಡದಲ್ಲಿದ್ದ ಅವನ ಅಕ್ಕ ದುಂಡವ್ವ. ಪಾಪ, ತಾನೇ ಕಾರಣ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಗುರುಸಿದ್ದ ಬಿಳೇಕಹಳ್ಳಿಯ ಒಂದು ಕೊರಿಯರ್ ಕಂಪನಿಯಲ್ಲಿದ್ದ. ಪಾರ್ಸೆಲ್ ಸಿಗದವರು ಫೋನ್ ಮಾಡಿ ಬೈಯುತ್ತಾರಲ್ಲ, ಆ ಬೈಗುಳವನ್ನು ಕಂಪನಿಯ ಪರವಾಗಿ ವಿನಯದಿಂದ ಸ್ವೀಕರಿಸುವುದೇ ಅವನ ಹುದ್ದೆ. ಬೆಳಗಿನಿಂದ ಸಂಜೆಯವರೆಗೆ ಅವನೊಂದಿಗೆ ಮಾತಾಡುವವರಿಗೆ ಬರವೇ ಇರಲಿಲ್ಲ. ಸಂಜೆ ಹೆಡ್‌ಫೋನ್ ತೆಗೆದಿಟ್ಟ ಮೇಲೆ ಮಾತ್ರ ಮಾರನೆಯ ಬೆಳಗಿನವರೆಗೆ ಅವನನ್ನು ಮಾತಾಡಿಸುವವರು ಇಬ್ಬರೇ. ಒಬ್ಬ, ಮೂಲೆಯ ದರ್ಶಿನಿಯಲ್ಲಿ ‘ಪಾರ್ಸೆಲ್ಲಾ, ಇಲ್ಲೇನಾ’ ಎಂದು ಕೇಳುವ ಕೌಂಟರಿನವನು. ಇನ್ನೊಬ್ಬಳು ಅಕ್ಕ.

ದುಂಡವ್ವನದು ಕಣದ, ಅಂದರೆ ಕುಪ್ಪಸದ ಬಟ್ಟೆಯ ವ್ಯಾಪಾರದ ಮನೆ. ಊಟಕ್ಕೆ ಎರಡು ಪಂಕ್ತಿ ಕೂರಿಸಬೇಕು. ಆ ಮನೆಯಲ್ಲಿ ಒಬ್ಬನೇ ಕೂತು ಉಣ್ಣುವುದೆಂದರೆ ಮೈಗೆ ಹುಷಾರಿಲ್ಲ ಎಂದೋ, ಜಗಳವಾಗಿದೆ ಎಂದೋ ಅರ್ಥ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಹಾಗಾಗಿ ದಿನಾ ಫೋನ್ ಮಾಡಿ ಎರಡು ಪ್ರಶ್ನೆ ಕೇಳುತ್ತಿದ್ದಳು. “ಊಟ ಆತೇನ?” ಎನ್ನುವುದು ಮೊದಲನೆಯದು. “ಯಾರ ಜೋಡಿ?” ಎನ್ನುವುದು ಎರಡನೆಯದು.

ಹೊಸದರಲ್ಲಿ ಒಮ್ಮೆ ಗುರುಸಿದ್ದ “ಒಬ್ಬನ” ಎಂದು ಹೇಳಿ ನೋಡಿದ್ದ. ಅಕ್ಕ ಫೋನಿನಲ್ಲೇ ಅತ್ತಳು. ಆಮೇಲೆ ಭಾವ ಫೋನ್ ಮಾಡಿದರು, ಭಾವನ ತಮ್ಮ ಮಾಡಿದ, ಕೊನೆಗೆ ಅಂಗಡಿಯ ಗುಮಾಸ್ತನೂ ಮಾಡಿದ. ಎಲ್ಲರದೂ ಒಂದೇ ಮಾತು, ಊರಿಗೆ ಬಂದು ಅಂಗಡಿಯಲ್ಲಿ ಕಣ ಅಳೆದು ಕೊಡು. ಗುರುಸಿದ್ದನಿಗೆ ಊರೆಂದರೆ ಭಯ. ಅಲ್ಲಿ ಎಲ್ಲರೂ ಅವನ ಮದುವೆ ಯಾವಾಗ ಎಂದು ಕೇಳುತ್ತಿದ್ದರು. ನಲವತ್ತು ದಾಟಿದ ಮೇಲೆ ಕೇಳುವುದನ್ನು ಬಿಟ್ಟರು, ಅದು ಇನ್ನೂ ಕಷ್ಟವಾಯಿತು.

ಆದ್ದರಿಂದ ಮಾರನೆಯ ದಿನ ಅಕ್ಕ ಕೇಳಿದಾಗ, ಮೆಟ್ಟಿಲ ಮೇಲೆ ಬಿದ್ದಿದ್ದ ಯಾರದೋ ಪಾರ್ಸೆಲ್ಲಿನ ಮೇಲಿನ ಹೆಸರು ಅವನ ನೆರವಿಗೆ ಬಂತು. “ಕೆಳಗಿನ ಮನಿ ಕಾತ್ಯಾಯಿನಿ ಮೇಡಂ ಕರದು ಊಟಕ್ಕ ಹಾಕಿದ್ರಕ್ಕಾ” ಎಂದ. ಅಕ್ಕನ ದನಿಯ ಸಂತೋಷ ಕೇಳಿ ಅವನಿಗೆ ತಡೆಯಲಾಗಲಿಲ್ಲ. ಕೆಲವೇ ತಿಂಗಳಲ್ಲಿ ಕಾತ್ಯಾಯಿನಿಯವರ ಯಜಮಾನರು ವೆಂಕಟಾಚಲ ಅವನೊಂದಿಗೆ ಪ್ರತಿ ಭಾನುವಾರ ಕೇರಂ ಆಡತೊಡಗಿದರು. ಎದುರು ಕೋಣೆಯ ಹುಡುಗ ಸುಮೇಧ ಅವನನ್ನು ಅಣ್ಣಾ ಎಂದು ಕರೆದು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗಿದ. ಇವರ್ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಗುರುಸಿದ್ದ ಅವರನ್ನು ಮೆಟ್ಟಿಲ ಮೇಲೆ ಕಂಡರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ, ಅಷ್ಟೇ ಪರಿಚಯ.

ದುಂಡವ್ವ ಕೊಟ್ಟದ್ದಕ್ಕೆ ಕೊಡುವ ಮನೆತನದವಳು. ತಮ್ಮನಿಗೆ ಊಟ ಹಾಕಿದವರಿಗೆ ಏನೂ ಕೊಡದೆ ಇರಲಾದೀತೇ. ಬೆಂಗಳೂರಿನ ಬಸ್ಸಿನಲ್ಲಿ ಡ್ರೈವರ್ ಕೈಗೆ ಡಬ್ಬಿ ಕೊಟ್ಟು ಕಳಿಸುತ್ತಿದ್ದಳು. ಕಾತ್ಯಾಯಿನಿಯವರಿಗೆ ಶೇಂಗಾ ಹೋಳಿಗೆ, ಸುಮೇಧನಿಗೆ ಕರದಂಟು, ವೆಂಕಟಾಚಲರ ಮಂಡಿ ನೋವಿಗೆ ಎಣ್ಣೆ. ಮಂಡಿ ನೋವನ್ನೂ ಗುರುಸಿದ್ದನೇ ಕೊಟ್ಟಿದ್ದ, ಒಂದು ಭಾನುವಾರ ಕೇರಂ ಏಕೆ ಆಡಲಿಲ್ಲ ಎಂದು ಅಕ್ಕ ಕೇಳಿದಾಗ. ಹೋಳಿಗೆಯನ್ನು ಅವನು ಒಬ್ಬನೇ ಕೂತು ತಿನ್ನುತ್ತಿದ್ದ. ಎಣ್ಣೆಯನ್ನು ಏನು ಮಾಡುವುದೆಂದು ತಿಳಿಯದೆ ಸೀಸೆಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದ.

“ನಾನೂ ಒಂದ್ ಸಲ ಬಂದು ಅವರ್ನೆಲ್ಲಾ ನೋಡಿ ಹೋಗ್ಲೇನೋ?” ಎಂದು ಅಕ್ಕ ಆಗಾಗ ಕೇಳುವಳು. “ಈಗ ಬ್ಯಾಡಕ್ಕಾ” ಎಂದು ಗುರುಸಿದ್ದ ಹೇಳುವನು. ಅಕ್ಕ ಬಂದರೆ ಕಟ್ಟಿದ್ದೆಲ್ಲ ಒಂದೇ ದಿನದಲ್ಲಿ ಬಿದ್ದು ಹೋಗುತ್ತಿತ್ತು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಕ್ಕ ಬರಬೇಕು, ಆ ಕೋಣೆಯಲ್ಲಿ ಕಾಲು ಚಾಚಿ ಕೂತು ಅವನನ್ನು ಬೈಯಬೇಕು ಎಂಬುದಕ್ಕಿಂತ ದೊಡ್ಡ ಆಸೆ ಅವನಿಗೆ ಇನ್ನೊಂದಿರಲಿಲ್ಲ.

ಹೀಗಿರುವಾಗ, ಅವನ ಮಂಚದ ತಲೆಯ ಕಡೆಯ ಪ್ಲಗ್ ಪಾಯಿಂಟು ಒಂದು ದಿನ ಸುಟ್ಟ ವಾಸನೆ ಬೀರಿ ಕಪ್ಪಗಾಗಿ ಕಣ್ಣು ಮುಚ್ಚಿತು. ಕೋಣೆಯಲ್ಲಿ ಅದು ಬಿಟ್ಟರೆ ಇದ್ದದ್ದು ಬಚ್ಚಲಿನ ಗೀಸರಿನದು. ಅದರ ದಪ್ಪ ತೂತುಗಳಿಗೆ ಮೊಬೈಲಿನ ಚಾರ್ಜರು ಒಗ್ಗುವುದಿಲ್ಲ. ಫೋನಿಗೆ ಚಾರ್ಜು ಇಲ್ಲ ಎಂದರೆ ಅಕ್ಕ ಇಲ್ಲ. “ಎಲೆಕ್ಟ್ರಿಷಿಯನ್ ಯಾಕಕ್ಕಾ, ನಾನೂ ವೆಂಕಟಾಚಲ ಸಾರೂ ಸೇರಿ ಹೊಸಾದು ಹಾಕ್ತೀವಿ. ಅವರು ಟಾರ್ಚ್ ಹಿಡೀತಾರ” ಎಂದು ಗುರುಸಿದ್ದ ಹೇಳಿಬಿಟ್ಟ. ಹೇಳಿದ ಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಯುವುದು ವೆಂಕಟಾಚಲರಿಗೆ ಅವಮಾನ ಮಾಡಿದಂತೆ ಎಂದು ಅವನಿಗೇ ಅನ್ನಿಸತೊಡಗಿತು.

ಚೂಡಾಮಣಿ ಎಲೆಕ್ಟ್ರಿಕಲ್ಸ್ ಎಂಬ ಅಂಗಡಿಗೆ ಹೋದ. ಅಂಗಡಿಯವನು ಹಲವು ಬಗೆ ಹರಡಿ, “ಮನೇಲಿ ಮಕ್ಕಳಿದಾರಾ ಸಾರ್?” ಎಂದು ಕೇಳಿದ.

ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ ಎಂಬ ಅಭ್ಯಾಸದ ಭಯದಿಂದ ಗುರುಸಿದ್ದ, “ಇದಾರ್ರೀ, ಇಬ್ಬರು” ಎಂದ.

“ಹಾಗಾದ್ರೆ ಇದೇ ತಗೊಳ್ಳಿ ಸಾರ್, ನಿಶ್ಚಿಂತೆ.”

ಮಾರನೆಯ ಸಂಜೆ ಗುರುಸಿದ್ದ ಮೇನ್ ಆಫ್ ಮಾಡಿ, ಫೋನಿನಲ್ಲಿ ವಿಡಿಯೋ ನೋಡಿ, ಹಳೆಯದನ್ನು ಬಿಚ್ಚಿ, ಯಾವ ತಂತಿ ಎಲ್ಲಿತ್ತೋ ಅಲ್ಲೇ ಹೊಸದಕ್ಕೆ ಬಿಗಿದ. ಇಷ್ಟು ಶ್ರದ್ಧೆಯಿಂದ ಅವನು ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೂ ಬರೆದಿರಲಿಲ್ಲ. ಮೇನ್ ಆನ್ ಮಾಡಿದ. ದೀಪ ಹತ್ತಿತು, ಫ್ಯಾನು ತಿರುಗಿತು. ಹೊಸ ಪ್ಲಗ್ಗಿಗೆ ಚಾರ್ಜರನ್ನು ಹೋದಷ್ಟು ಸಿಕ್ಕಿಸಿ ಸ್ವಿಚ್ ಒತ್ತಿದ. ಫೋನು ಸುಮ್ಮನಿತ್ತು. ಟೆಸ್ಟರ್ ತೂರಿಸಿ ನೋಡಿದ, ಅದರ ಹೊಟ್ಟೆಯಲ್ಲಿ ಬೆಳಕು ಮೂಡಲಿಲ್ಲ. ಸೊಳ್ಳೆ ಓಡಿಸುವ ಯಂತ್ರ ಹಾಕಿದ, ಟೇಬಲ್ ಫ್ಯಾನ್ ಹಾಕಿದ. ಎರಡೂ ಮಾತಾಡಲಿಲ್ಲ. ಅವನ ಹತ್ತಿರ ಇದ್ದ ಎರಡು ಪಿನ್ನಿನ ಸಾಮಾನು ಅಲ್ಲಿಗೆ ಮುಗಿಯಿತು. ಮೂರು ಪಿನ್ನಿನದು ಒಂದೂ ಇರಲಿಲ್ಲ. ಮಿಕ್ಸಿ, ಫ್ರಿಜ್ಜು, ಇಸ್ತ್ರಿ ಪೆಟ್ಟಿಗೆ ಇವೆಲ್ಲ ಸಂಸಾರಸ್ಥರ ಪಿನ್ನುಗಳು.

ಮತ್ತೆ ಬಿಚ್ಚಿದ, ಮತ್ತೆ ಬಿಗಿದ. ಪಂಚೆಯ ತುದಿಯಿಂದ ಪ್ಲಗ್ಗನ್ನು ಒರೆಸಿದ. ಆಗ ಅಕ್ಕನ ಫೋನ್ ಬಂತು.

“ಪ್ಲಗ್ಗು ಹಾಕಿದ್ರೇನೋ ಇಬ್ರೂ?”

“ಹಾಕೀವಕ್ಕಾ. ವೆಂಕಟಾಚಲ ಸಾರ್ ಇಲ್ಲೇ ಟಾರ್ಚ್ ಹಿಡಕೊಂಡು ನಿಂತಾರ. ಇನ್ನೇನ್ ಕರೆಂಟ್ ಬಂದುಬಿಡ್ತೈತಿ. ತಡಿ, ಈಗ ನೋಡಿಬಿಡ್ತೀನಿ. ಅಯ್ಯಯ್ಯೋ…”

ಅಯ್ಯಯ್ಯೋ ಎಂದದ್ದು ಬ್ಯಾಟರಿಯ ಕೆಂಪು ಗುರುತು ನೋಡಿ. ಅಷ್ಟರಲ್ಲಿ ಫೋನು ಆರಿಹೋಯಿತು. ಅತ್ತ ದುಂಡವ್ವನ ಕಿವಿಗೆ ಬಿದ್ದದ್ದು, ಪ್ಲಗ್ಗಿಗೆ ಕೈ ಹಾಕಿದ ತಮ್ಮನ ಕೊನೆಯ ಕೂಗು ಮತ್ತು ಅದರ ನಂತರದ ಮೌನ.

ಗುರುಸಿದ್ದನಿಗೆ ಇದು ಹೊಳೆಯಲಿಲ್ಲ. ಟೆಸ್ಟರ್ ಕೆಟ್ಟಿರಬೇಕು ಎಂದು ತರ್ಕಿಸಿ, ಫೋನನ್ನು ಚಾರ್ಜರಿನಲ್ಲೇ ಬಿಟ್ಟು, ಪ್ಯಾಂಟು ಸಿಕ್ಕಿಸಿಕೊಂಡು, ಬಾಗಿಲು ಎಳೆದುಕೊಂಡು ಅಂಗಡಿಗೆ ಹೊರಟ. ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು. ಅಂಗಡಿಯವನು ಸಂತೋಷದಿಂದ ಇನ್ನೊಂದು ಟೆಸ್ಟರ್ ಮಾರಿದ. “ಮಕ್ಕಳು ಚೆನ್ನಾಗಿದಾರಾ ಸಾರ್?” ಎಂದೂ ಕೇಳಿದ. ಚೆನ್ನಾಗಿದ್ದಾರೆ ಎಂದು ಗುರುಸಿದ್ದ ಹೇಳಿದ. ಬರುವಾಗ ದರ್ಶಿನಿಯಲ್ಲಿ ಅರ್ಧ ಕಾಫಿ ಕುಡಿಯುವ ಮನಸ್ಸಾಯಿತು. ಆದರೆ ಬೈಟು ಹೇಳಲು ಇನ್ನೊಬ್ಬರು ಬೇಕಲ್ಲ, ಪೂರ್ತಿ ಒಂದು ಕುಡಿದು ನಿಧಾನವಾಗಿ ಮನೆ ಕಡೆ ನಡೆದ.

ಬಂದು ನೋಡಿದರೆ ಇಡೀ ಬೀದಿಯಲ್ಲಿ ಬೆಳಕಿದೆ, ಮುನಿಯಕ್ಕನ ಕಟ್ಟಡ ಮಾತ್ರ ಕತ್ತಲು. ಮೊಬೈಲ್ ಟಾರ್ಚುಗಳು ಮೆಟ್ಟಿಲ ಮೇಲೆ ಹರಿದಾಡುತ್ತಿವೆ. ಎರಡನೇ ಮಹಡಿಯಲ್ಲಿ, ಅವನ ಬಾಗಿಲ ಮುಂದೆ, ವೆಂಕಟಾಚಲ ಬಚ್ಚಲಿನ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಜಯನಗರದ ಸ್ವಂತ ಮನೆಯನ್ನು ಕೆಡವಿ ಕಟ್ಟಿಸುತ್ತಿದ್ದುದರಿಂದ ಇಲ್ಲಿ ಬಾಡಿಗೆಗೆ ಬಂದಿದ್ದರು. ಪಕ್ಕದಲ್ಲಿ ಸುಮೇಧ ಒಂದು ಕ್ರಿಕೆಟ್ ಬ್ಯಾಟು ಹಿಡಿದಿದ್ದ. ಕಾತ್ಯಾಯಿನಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

“ಏನಾತ್ರೀ?” ಎಂದು ಗುರುಸಿದ್ದ ಹಿಂದಿನಿಂದ ಕೇಳಿದ.

“ಒಳಗಡೆ ಒಬ್ಬರಿಗೆ ಶಾಕ್ ಹೊಡೆದಿದೆ ಸಾರ್” ಎಂದರು ವೆಂಕಟಾಚಲ, ತಿರುಗಿ ನೋಡದೆ. “ಕರೆದರೆ ಮಾತಿಲ್ಲ. ಕೆಳಗೆ ಮೇನ್ ತೆಗೆಸಿದ್ದೀವಿ. ಮುನಿಯಕ್ಕ ಇನ್ನೊಂದು ಕೀ ತರೋಕೆ ಹೋಗಿದಾರೆ.”

ಗುರುಸಿದ್ದ ಬಾಗಿಲ ಕಡೆ ನೋಡಿದ. ತನ್ನ ಕೋಣೆ. ತಾನು ಹಾಕಿದ ಪ್ಲಗ್ಗು. ಒಳಗೆ ಯಾರೋ ಬಿದ್ದಿದ್ದಾರೆ. ಕಳ್ಳನೇ ಇರಬೇಕು, ಕಿಟಕಿಯಿಂದ ಇಳಿದು, ಪಾಪ, ತನ್ನ ಫೋನನ್ನು ಚಾರ್ಜರಿನಿಂದ ಕೀಳಲು ಹೋಗಿ ಸತ್ತಿದ್ದಾನೆ ಎಂದು ಅವನ ಬುದ್ಧಿ ಓಡಿತು. ಬೇರೆ ಯಾರಿಗಾದರೂ ಜೇಬಿನಲ್ಲಿರುವ ಬೀಗದ ಕೈ ನೆನಪಾಗುತ್ತಿತ್ತು. ಗುರುಸಿದ್ದನಿಗೆ ಪೊಲೀಸ್ ಸ್ಟೇಷನ್ ನೆನಪಾಯಿತು.

“ಯಾರಂತ್ರೀ ಪಾಪ?” ಎಂದು ಕೇಳಿದ.

“ನನ್ನ ಸ್ನೇಹಿತನಂತೆ” ಎಂದರು ವೆಂಕಟಾಚಲ. “ನನಗೆ ಗೊತ್ತಿಲ್ಲ. ಅವರ ಅಕ್ಕ ಮುನಿಯಕ್ಕನಿಗೆ ಫೋನ್ ಮಾಡಿ, ವೆಂಕಟಾಚಲ ಸಾರ್ ಪಕ್ಕದಲ್ಲೇ ಇದ್ರು, ಅವರನ್ನ ಕೇಳಿ ಅಂದ್ರಂತೆ. ನಾನು ಮನೇಲಿ ವಾರ್ತೆ ನೋಡ್ತಿದ್ದೆ.”

“ಹೇಗಿದ್ರು ಆತ?” ಎಂದು ಕಾತ್ಯಾಯಿನಿ ಸುಮೇಧನನ್ನು ಕೇಳಿದರು. “ನಿಮ್ಮ ಎದುರು ಮನೆಯವರಲ್ವಾ?”

“ನೋಡಿಲ್ಲ ಆಂಟಿ” ಎಂದ ಸುಮೇಧ. “ಕನ್ನಡಕ ಇತ್ತು ಅನ್ಸುತ್ತೆ. ಇಲ್ಲ, ಅದು ಹಾಲಿನವರು.”

ಅವರ ಬೆನ್ನ ಹಿಂದೆಯೇ ನಿಂತು ಗುರುಸಿದ್ದ ಇದನ್ನು ಕೇಳಿದ. ಆಗ ಅವನಿಗೆ ಒಂದೊಂದಾಗಿ ಎಲ್ಲವೂ ಅರ್ಥವಾಗತೊಡಗಿತು. ಅರ್ಥವಾದದ್ದು ಹಿತವಾಗಿರಲಿಲ್ಲ. ತಾನು ಸತ್ತರೆ ಈ ಮೆಟ್ಟಿಲ ಮೇಲೆ ಇವರೇ ನಿಲ್ಲುತ್ತಾರೆ, ಇಷ್ಟೇ ಮಾತಾಡುತ್ತಾರೆ. ಮೆಲ್ಲಗೆ ಹಿಂದೆ ಸರಿದು ಕೆಳಗಿಳಿದುಬಿಡೋಣ ಎಂದುಕೊಳ್ಳುವಷ್ಟರಲ್ಲಿ ಮುನಿಯಕ್ಕ ಬೀಗದ ಕೈ ಗೊಂಚಲು ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದಳು. ಟಾರ್ಚು ಸೀದಾ ಅವನ ಮುಖಕ್ಕೆ ಬಿಟ್ಟಳು.

“ಅಯ್ಯೋ ನಿನ್ ಮನೆ ಕಾಯ್ವಾಗ, ಇಲ್ಲೇ ನಿಂತವ್ನಲ್ಲಪ್ಪ. ಗುರುಸಿದ್ದಣ್ಣ, ನೀನ್ ಸತ್ತೋಗಿಲ್ವಾ?”

“ಇಲ್ರೀ” ಎಂದ ಗುರುಸಿದ್ದ, ತಪ್ಪು ಒಪ್ಪಿಕೊಳ್ಳುವವನಂತೆ.

ಎಲ್ಲರೂ ಒಮ್ಮೆಲೇ ಅವನನ್ನು ನೋಡಿದರು. ಸುಮೇಧ ಎತ್ತಿ ಹಿಡಿದಿದ್ದ ಬ್ಯಾಟನ್ನು ಇಳಿಸಿದ. ಸಾಯದೇ ಇದ್ದದ್ದಕ್ಕೆ ಯಾರೂ ಬೈಯಲಿಲ್ಲ, ಆದರೆ ಇಷ್ಟು ಸಿದ್ಧತೆ ಮಾಡಿಕೊಂಡು ಬಂದವರು ಸುಮ್ಮನೆ ಮರಳುವುದು ಹೇಗೆ. ವೆಂಕಟಾಚಲ ಗಂಟಲು ಸರಿಮಾಡಿಕೊಂಡು, “ಬಾಗಿಲು ತೆಗೀರಿ, ಆ ಪ್ಲಗ್ಗು ಏನು ಅಂತ ಒಂದು ಸಲ ನೋಡೇಬಿಡೋಣ” ಎಂದರು. ಗುರುಸಿದ್ದ ಬಾಗಿಲು ತೆಗೆದ. ಆ ಕೋಣೆಗೆ ಅವನಲ್ಲದೆ ಬೇರೆಯವರು ಕಾಲಿಟ್ಟದ್ದು ಅದೇ ಮೊದಲು. ಕೂರಲು ಒಂದೇ ಪ್ಲಾಸ್ಟಿಕ್ ಕುರ್ಚಿಯಿತ್ತು, ಯಾರೂ ಕೂರಲಿಲ್ಲ.

ಮುಂದೆ ನಡೆದದ್ದು ವಿಜ್ಞಾನದ ಇತಿಹಾಸದಲ್ಲಿ ದಾಖಲಾಗಬೇಕಾದ ಪರೀಕ್ಷೆ. ಟಾರ್ಚಿನ ಬೆಳಕಿನಲ್ಲಿ ವೆಂಕಟಾಚಲ ಹಳೆಯ ಟೆಸ್ಟರ್ ತೂರಿಸಿದರು, ಬೆಳಕಿಲ್ಲ. ಹೊಸ ಟೆಸ್ಟರ್ ತೂರಿಸಿದರು, ಅದರಲ್ಲೂ ಇಲ್ಲ. “ಲೈನೇ ಸತ್ತಿದೆ” ಎಂದು ತೀರ್ಪು ಕೊಟ್ಟರು. “ಅರ್ಥಿಂಗ್ ಪ್ರಾಬ್ಲಮ್ ಅಂಕಲ್, ನಮ್ಮ ಆಫೀಸಲ್ಲೂ ಹೀಗೇ ಆಗಿತ್ತು” ಎಂದ ಸುಮೇಧ. ಇಡೀ ಕಟ್ಟಡದ ಮೇನನ್ನು ತಾವೇ ಆಫ್ ಮಾಡಿಸಿ ಬಂದಿದ್ದೇವೆ ಎಂಬುದು ಬ್ಯಾಂಕಿಗೂ ನೆನಪಾಗಲಿಲ್ಲ, ಆಫೀಸಿಗೂ ನೆನಪಾಗಲಿಲ್ಲ.

“ಆ ಚಾರ್ಜರ್ರೇ ಹೋಗಿರಬಹುದು. ಬೇರೆ ಏನಾದ್ರೂ ಹಾಕಿ ನೋಡಿ” ಎಂದರು ಕಾತ್ಯಾಯಿನಿ.

“ಬೇರೆ ಏನೂ ಇಲ್ರೀ ಮೇಡಂ” ಎಂದ ಗುರುಸಿದ್ದ.

“ನನ್ನ ಮಿಕ್ಸಿ ತರ್ತೀನಿ ಇರಿ. ಹೇಗೂ ಚಟ್ನಿ ಅರ್ಧಕ್ಕೇ ನಿಂತಿದೆ.”

ಅವರು ಮಿಕ್ಸಿಯನ್ನು ಜಾರಿನ ಸಮೇತ ಎತ್ತಿ ತಂದರು. ಸುಮೇಧ ಸಿಕ್ಕಿಸಿದ. ವೆಂಕಟಾಚಲ ಗುಂಡಿಯನ್ನು ಒಂದು, ಎರಡು, ಮೂರು ಎಂದು ಕೊನೆಯವರೆಗೂ ತಿರುಗಿಸಿದರು. ಏನೂ ಇಲ್ಲ. “ಬ್ಲೇಡ್ ಹಿಡಿದಿರಬೇಕು” ಎಂದು ಕಾತ್ಯಾಯಿನಿ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಎಲ್ಲರೂ ಬಗ್ಗಿದರು.

ಅಷ್ಟರಲ್ಲಿ ಮುನಿಯಕ್ಕನ ಫೋನ್ ಹೊಡೆದುಕೊಂಡಿತು. “ನಿಮ್ಮಕ್ಕನೇ ಕಣಪ್ಪ, ಮಾತಾಡು. ಆಯಮ್ಮ ಅತ್ತು ಅತ್ತು ಸಾಯ್ತಾವ್ಳೆ” ಎಂದು ಸ್ಪೀಕರ್ ಹಾಕಿ ಫೋನನ್ನು ಗುರುಸಿದ್ದನ ಕೈಗಿತ್ತು, “ಕತ್ಲಲ್ಲಿ ಏನ್ ಕಾಣ್ತದೆ, ನಾನೋಗಿ ಲೈಟ್ ಹಾಕ್ತೀನಿ ತಾಳಿ” ಎಂದು ಕೆಳಗಿಳಿದಳು.

“ಅಕ್ಕಾ, ನಾ ಗುರ್ಸಿದ್ದ. ಆರಾಮ ಅದೀನಿ.”

ಅತ್ತಲಿಂದ ಮೊದಲು ಅಳು ಬಂತು, ಆಮೇಲೆ ಬೈಗುಳ ಬಂತು. ಹಿಂದೆ ಬಸ್ಸುಗಳ ಹಾರ್ನು ಕೇಳುತ್ತಿತ್ತು. “ನಿನ್ನ ದನಿ ನಡಗಾಕತ್ತೈತಿ. ನೀ ಸುಳ್ಳ ಹೇಳ್ತಿ. ವೆಂಕಟಾಚಲ ಸಾಹೇಬರಿಗೆ ಕೊಡು, ಅವರ ಬಾಯಿಂದ ಕೇಳ್ತೀನಿ.”

ಗುರುಸಿದ್ದ ಫೋನ್ ಹಿಡಿದು ಹಾಗೇ ನಿಂತ. ನಿಜ ಬಯಲಾಗಲು ಇನ್ನು ಒಂದೇ ಮಾತು ಸಾಕಾಗಿತ್ತು. ಅವನ ಮುಖವನ್ನು ವೆಂಕಟಾಚಲ ಟಾರ್ಚಿನ ಬೆಳಕಿನಲ್ಲಿ ನೋಡಿದರು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಜನರ ಮುಖ ನೋಡಿದ್ದವರು. “ನಮಸ್ಕಾರ ಅಮ್ಮ, ನಾನು ವೆಂಕಟಾಚಲ” ಎಂದರು.

“ಸಾಹೇಬ್ರ, ನೀವು ಬಾಜೂಕ ಇದ್ದೀರಿ ಅಂತ ಧೈರ್ಯ ಇತ್ತ ನೋಡ್ರಿ. ಮಂಡಿ ಹೆಂಗ್ ಐತ್ರಿ ಈಗ? ನಾ ಕಳಿಸಿದ್ದ ಎಣ್ಣಿ ಹಚ್ಚಾಕತ್ತೀರಿಲ್ಲೋ?”

ವೆಂಕಟಾಚಲ ತಮ್ಮ ಮಂಡಿಯನ್ನೊಮ್ಮೆ ನೋಡಿಕೊಂಡರು. ಅದು ಗಟ್ಟಿಮುಟ್ಟಾಗಿತ್ತು. ಅವರ ಟಾರ್ಚು ಕಿಟಕಿಯ ಕಡೆ ಹೊರಳಿತು. ಅಲ್ಲಿ ಎಣ್ಣೆಯ ಸೀಸೆಗಳು ಸಾಲಾಗಿ ನಿಂತಿದ್ದವು.

“ಹಚ್ತಾ ಇದೀನಮ್ಮ. ತುಂಬಾ ಗುಣ ಕಂಡಿದೆ.”

“ಕೇರಂ ಆಡೋವಾಗ ನೆಲದ ಮ್ಯಾಲ ಕೂಡ್ರಬ್ಯಾಡ್ರಿ, ಹೇಳೀನಿ. ಮೇಡಂ ಅದಾರೇನ್ರಿ ಅಲ್ಲಿ? ಕಾತ್ಯಾಯಿನಿ ಮೇಡಂ, ಹೋದ ತಿಂಗಳದ್ದು ಹೋಳಿಗಿ ಗಟ್ಟಿ ಆಗಿದ್ದುವೇನ್ರಿ?”

ಕಾತ್ಯಾಯಿನಿ ಗಂಡನನ್ನು ನೋಡಿದರು. ಗಂಡ ಗೋಡೆ ನೋಡಿದರು. ಗುರುಸಿದ್ದ ನೆಲ ನೋಡುತ್ತಿದ್ದ. “ಇಲ್ಲಪ್ಪ, ತುಂಬಾ ಚೆನ್ನಾಗಿತ್ತು ಕಣ್ರೀ” ಎಂದರು ಕಾತ್ಯಾಯಿನಿ. “ಬಾಯಲ್ಲಿಟ್ಟರೆ ಕರಗ್ತಿತ್ತು.”

“ಶೇಂಗಾ ಹೋಳಿಗಿ ಕರಗಬಾರದ್ರಿ” ಎಂದಳು ದುಂಡವ್ವ, ಸ್ವಲ್ಪ ಅನುಮಾನದಿಂದ.

“ಅಂದ್ರೆ, ಮೊದಲು ಗಟ್ಟಿ ಇದ್ದು ಆಮೇಲೆ ಕರಗ್ತಿತ್ತು.”

ಸುಮೇಧ ಬಾಯಿ ಹಾಕಿದ. “ಅಕ್ಕಾ, ನಾನು ಸುಮೇಧ. ಅಣ್ಣ ಸಖತ್ ಆರಾಮಾಗಿದಾರೆ. ನಾವೆಲ್ಲ ಇಲ್ಲೇ ಇದೀವಿ.” ಅಕ್ಕ ಅವನನ್ನು ಕರದಂಟಿನ ವಿಷಯ ಕೇಳುವ ಮೊದಲೇ ಕೆಳಗೆ ಮುನಿಯಕ್ಕ ಮೇನ್ ಮೇಲೆತ್ತಿದಳು.

ದೀಪ ಹತ್ತಿತು. ಫ್ಯಾನು ತಿರುಗಿತು. ಕೊನೆಯ ಗುಂಡಿಯಲ್ಲಿ, ಮುಚ್ಚಳವಿಲ್ಲದೆ ಕಾಯುತ್ತಿದ್ದ ಮಿಕ್ಸಿ ಭರ್ರೆಂದು ಗರ್ಜಿಸಿ ಕಾಯಿ ಚಟ್ನಿಯನ್ನು ಇಡೀ ಕೋಣೆಗೆ ಸಮನಾಗಿ ಹಂಚಿತು. ಎಲ್ಲರೂ ಒಟ್ಟಿಗೆ ಕಿರುಚಿದರು. ಸುಮೇಧ ಬ್ಯಾಟಿನಿಂದ ಸ್ವಿಚ್ಚಿಗೆ ಹೊಡೆದ, ಗುರಿ ತಪ್ಪಿತು. ಕೊನೆಗೆ ವೆಂಕಟಾಚಲ ರಬ್ಬರ್ ಚಪ್ಪಲಿಯ ಧೈರ್ಯದಿಂದ ಮುಂದೆ ಹೋಗಿ ಪ್ಲಗ್ಗನ್ನು ಕಿತ್ತರು.

“ಗುರ್ಸಿದ್ದಾ, ಏನಾತೋ, ಅದೇನ್ ಸಪ್ಪಳೋ?” ಎಂದು ಫೋನು ಅರಚುತ್ತಿತ್ತು.

“ಏನಿಲ್ಲ ಕಣ್ರೀ, ಮಿಕ್ಸಿ” ಎಂದರು ಕಾತ್ಯಾಯಿನಿ ಕನ್ನಡಕ ಒರೆಸಿಕೊಳ್ಳುತ್ತಾ.

“ಅವನ ಮನ್ಯಾಗ ಮಿಕ್ಸಿ ಎಲ್ಲೈತ್ರಿ?”

“ನಂದೇ ಕಣ್ರೀ. ನಾನು ಇಲ್ಲೇ ತಂದು ರುಬ್ಬೋದು.”

ಅತ್ತಲಿಂದ ಮೂಗು ಸೀಟಿದ ಸದ್ದು ಬಂತು. ಇತ್ತ ವೆಂಕಟಾಚಲ ಚಾರ್ಜರ್ ಸಿಕ್ಕಿಸಿದರು, ಕೆಲಸವಿಲ್ಲ. ಟೆಸ್ಟರ್ ಇಟ್ಟರು, ಬೆಳಕಿಲ್ಲ. ಮಿಕ್ಸಿ ಸಿಕ್ಕಿಸಿದರು, ಗರ್ಜಿಸಿತು. “ಇದು ನಮ್ಮನೆ ಮಿಕ್ಸಿಗೆ ಮಾತ್ರ ಕರೆಂಟ್ ಕೊಡುತ್ತೆ” ಎಂದು ಬೆರಗಾದರು. ಕಾತ್ಯಾಯಿನಿ ಹತ್ತಿರ ಬಗ್ಗಿ, “ಏನ್ರೀ, ತೂತಿನೊಳಗೆ ಬಿಳೀ ಬಾಗಿಲು ಇದೆಯಲ್ಲ, ನೋಡಿ” ಎಂದರು. “ನಮ್ಮ ಮಗಳ ಮನೇಲೂ ಇದೇ ಹಾಕಿಸಿದಾರೆ, ಮೊಮ್ಮಗು ಬೆರಳು ಹಾಕಬಾರದು ಅಂತ. ಮೇಲಿನ ದಪ್ಪ ಪಿನ್ನು ಹೋದರೇನೇ ಕೆಳಗಿನ ಬಾಗಿಲು ಸಲೀಸಾಗಿ ತೆಗೆಯೋದು. ಎರಡು ಪಿನ್ನಿನದಾದ್ರೆ ನೆಟ್ಟಗೆ ಇಟ್ಟು ಒತ್ತಬೇಕು.” ಅವರು ಚಾರ್ಜರನ್ನು ನೆಟ್ಟಗೆ ಹಿಡಿದು ಅಂಗೈಯಿಂದ ಒತ್ತಿದರು. ಟಕ್ಕೆಂದು ಒಳಹೋಯಿತು. ಗುರುಸಿದ್ದನ ಫೋನಿನ ಮುಖದಲ್ಲಿ ಬೆಳಕು ಬಂತು. ಪ್ಲಗ್ಗು ಮೊದಲಿನಿಂದಲೂ ಸರಿಯಾಗೇ ಇತ್ತು.

“ಮಕ್ಕಳಿರೋ ಮನೆಗೆ ಹಾಕೋದು ಇದು. ನೀವ್ಯಾಕೆ ತಂದ್ರಿ?” ಎಂದು ಅವರು ಕೇಳಿದರು.

ಗುರುಸಿದ್ದ ಗಲ್ಲದ ಮೇಲಿನ ಚಟ್ನಿ ಒರೆಸಿಕೊಂಡ.

ಫೋನಿನಲ್ಲಿ ದುಂಡವ್ವನ ದನಿ ಮತ್ತೆ ಬಂತು. ಈಗ ಅದು ಮೆತ್ತಗಾಗಿತ್ತು. “ಮೇಡಂ, ನಿಮ್ಮಂಥಾ ಮಂದಿ ಎಲ್ಲಿ ಸಿಗ್ತಾರ್ರಿ. ಮಿಕ್ಸಿ ತಂದು ನನ್ನ ತಮ್ಮನ ಮನ್ಯಾಗ ಚಟ್ನಿ ರುಬ್ಬತೀರಿ. ನಾ ಹುಚ್ಚಿ, ಬ್ಯಾಗ್ ಹಿಡಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಬೆಂಗಳೂರ ಬಸ್ಸಿನ ಬಾಗಲದಾಗ ನಿಂತೀನಿ. ಹೋಗಿ ಕಣ್ಣಾರೆ ನೋಡ್ಬೇಕು ಅಂತ. ಈಗ ನಾ ಯಾಕ ಬರ್ಲಿ, ನೀವೆಲ್ಲಾ ಅದೀರಿ. ಮನಿಗೆ ಹೊಳ್ಳಿ ಹೋಗ್ತೀನಿ.”

ಕೋಣೆಯಲ್ಲಿದ್ದವರೆಲ್ಲ ಸಮಾಧಾನದ ಉಸಿರು ಬಿಟ್ಟರು. ವೆಂಕಟಾಚಲ ಗುರುಸಿದ್ದನ ಬೆನ್ನು ತಟ್ಟಿ, ಪಾರಾದಿರಿ ಎಂಬಂತೆ ಕಣ್ಣು ಮಿಟುಕಿಸಿದರು. ಅವನು ತಿಂಗಳುಗಟ್ಟಲೆ ಒಬ್ಬನೇ ಹೊತ್ತುಕೊಂಡು ಬಂದಿದ್ದ ಸುಳ್ಳಿಗೆ ಈಗ ಮೂವರು ಮರ್ಯಾದಸ್ಥರು ಸಾಕ್ಷಿ ಹೇಳಿದ್ದರು. ಇನ್ನು ಅಕ್ಕ ಎಂದೂ ಅನುಮಾನಿಸುವುದಿಲ್ಲ. ಇನ್ನು ಎಂದೂ ಬರುವುದೂ ಇಲ್ಲ.

ಫೋನಿನಲ್ಲಿ ಬಸ್ಸಿನ ಇಂಜಿನ್ ಗುರುಗುಟ್ಟುತ್ತಿತ್ತು. ಅಕ್ಕ ಬಾಗಿಲವರೆಗೆ ಬಂದಿದ್ದಳು. ಈಗ ಬ್ಯಾಗ್ ಎತ್ತಿಕೊಂಡು ಇಳಿಯುತ್ತಾಳೆ. ಗುರುಸಿದ್ದ ತಡೆದುಕೊಳ್ಳಲಾಗದೆ ಫೋನನ್ನು ಬಾಯಿಯ ಹತ್ತಿರ ತಂದ.

“ಅಕ್ಕಾ, ಇಳಿಬ್ಯಾಡ. ಬಸ್ ಹತ್ತು.”

“ಯಾಕೋ? ಎಲ್ಲಾರೂ ಅದಾರಲ್ಲೋ ಅಲ್ಲಿ.”

“ಯಾರೂ ಇಲ್ಲಕ್ಕಾ.”

ಚಟ್ನಿ ಮೆತ್ತಿಕೊಂಡ ಮೂವರು ಅವನ ಸುತ್ತ ನಿಂತಿದ್ದರು. ನಾಲ್ಕನೆಯವಳು ಮುನಿಯಕ್ಕ, ಆಗತಾನೇ ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದಳು. ಚಟ್ನಿಯ ಆ ಮೂವರನ್ನು ನೋಡುತ್ತಲೇ ಗುರುಸಿದ್ದ ಹೇಳಿದ. “ಇವರ್ಯಾರೂ ನಂಗ ಗೊತ್ತಿಲ್ಲ. ಇವತ್ತ ಮೊದಲನೇ ಸಲ ಮಾತಾಡಿದ್ದು. ಇವರು ಚಲೋ ಮಂದಿ, ನನ್ನ ಮಾರಿ ನೋಡಿ ಸುಳ್ಳ ಹೇಳಿದ್ರು.”

“ಮತ್ತ ದಿನಾ ಉಂಡಿದ್ದು?”

“ಒಬ್ಬನ.”

ಕಾತ್ಯಾಯಿನಿ ಮಿಕ್ಸಿಯ ಜಾರನ್ನು ಎದೆಗೆ ಹಿಡಿದುಕೊಂಡು ನಿಂತರು. ಫೋನಿನಲ್ಲಿ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಆಮೇಲೆ ಯಾರೋ ಗಂಡಸಿನ ದನಿ ಒರಟಾಗಿ ಕೇಳಿತು. “ಯಕ್ಕಾರ, ಬಾಗಲದಾಗ ಎಷ್ಟೊತ್ತು ನಿಲ್ಲತೀರಿ? ಇಳಿಯೋರಿದ್ರ ಇಳೀರಿ.”

“ಇಳಿಯೂದಿಲ್ರಿ” ಎಂದಳು ದುಂಡವ್ವ. “ಬೆಂಗಳೂರಿಗೆ ಒಂದ್ ಟಿಕೇಟ್ ಕೊಡ್ರಿ. ಅಲ್ಲಿ ನನ್ನ ತಮ್ಮ ಒಬ್ಬನ ಅದಾನ.”